ಹಳದಿ ಹುಡುಕುತ್ತ ಕರಾವಳಿಗೆ ಬಂದವಳು

ಕುಮಟೆಗೆ ಬಂದ ಮೂರನೆಯ ದಿನವೇ ನಾನು ಪೇಂಟ್ ಮಾರುವವಳಾಗಿಬಿಟ್ಟೆ. ಹೊನ್ನಾವರದ ಒಂದು ಓಣಿಯಲ್ಲಿ ಮೊದಲ ಮನೆಯ ಬಾಗಿಲು ತಟ್ಟಿ, ಒಂಬತ್ತು ಬಣ್ಣದ ಚೌಕಗಳಿದ್ದ ನನ್ನ ಕಾರ್ಡನ್ನು ಮುಂದೆ ಹಿಡಿದಿದ್ದೆ. ಬಾಗಿಲು ತೆಗೆದ ಹಿರಿಯರು ಕಾರ್ಡನ್ನೊಮ್ಮೆ ನೋಡಿ ಕೈಯಾಡಿಸಿದರು.

"ಬೇಡ, ಬೇಡ. ನಮ್ಮನೆಗೆ ಬಣ್ಣ ಹೊಡೆಸಿ ಆತು."

"ಅಜ್ಜಾರ, ಇದು ಗ್ವಾಡಿ ಬಣ್ಣ ಅಲ್ರಿ. ಇದು ಕೂಸಿಂದು."

"ಕೂಸಿಂದು ಎಂತ?"

ನಮ್ಮ ಇಂಡಿ, ಸಿಂದಗಿ ಕಡೆ 'ಎಂಥಾ' ಅಂದರೆ 'ಯಾವ ಬಗೆಯ' ಎಂದರ್ಥ. ಹಾಗಾಗಿ ನಾನು, "ಸಣ್ಣ ಕೂಸಿಂದ್ರಿ" ಅಂದೆ.

"ಸಣ್ಣ ಕೂಸಿಂದು ಎಂತ?"

"ಎಳೀ ಕೂಸಿಂದು. ಈಗ ಹುಟ್ಟಿದ್ದು."

ಅವರ ಮುಖ ಕೆಂಪಾಗತೊಡಗಿತು. ನನ್ನ ಹಿಂದೆ ನಿಂತಿದ್ದ ಸಹಾಯಕಿ ಸುಮಿತ್ರಕ್ಕನಿಗೆ ತಡೆಯಲಾಗಲಿಲ್ಲ. "ಹೇಲು, ಅಜ್ಜಾ! ಮಕ್ಕಳ ಹೇಲಿನ ಬಣ್ಣ ಕೇಳ್ತ್ರು ಅವರು!" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಅಜ್ಜ ಜಗಲಿಯ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಇಬ್ಬರಿಗೂ ಮುರುಗಲಿನ ಶರಬತ್ತು ಬಂತು. 'ಎಂತ' ಅಂದರೆ ಇಲ್ಲಿ 'ಏನು' ಎಂದು ತಿಳಿದದ್ದು ಆ ಶರಬತ್ತು ಕುಡಿಯುವಾಗ.

ಊರಿನ ಓದುಗರಿಗೆ ಒಂದು ಮಾತು ಹೇಳಬೇಕು. ನೀಲಮ್ಮ ಇಷ್ಟು ಓದಿ ಕೊನೆಗೆ ಇದನ್ನೇ ಕೇಳಿಕೊಂಡು ಮನೆಮನೆ ತಿರುಗುತ್ತಾಳಂತೆ ಎಂದು ನಮ್ಮ ಕಡೆ ಮಾತಾಗಿದೆಯಂತೆ. ಸುದ್ದಿ ಸುಳ್ಳಲ್ಲ. ಆದರೆ ಕಾರಣ ಕೇಳಿ.

ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ದಿನವಿಡೀ ಪಿತ್ತರಸವನ್ನು ತಯಾರಿಸುತ್ತದೆ. ಸಣ್ಣ ಸಣ್ಣ ನಾಳಗಳು ಅದನ್ನು ಕರುಳಿಗೆ ತಲುಪಿಸುತ್ತವೆ. ಮಲಕ್ಕೆ ಹಳದಿ ಬಣ್ಣ ಬರುವುದು ಆ ರಸದಿಂದಲೇ. ಎಲ್ಲೋ ಅಪರೂಪಕ್ಕೆ ಕೆಲವು ಶಿಶುಗಳಲ್ಲಿ, ಹುಟ್ಟಿದ ಕೆಲವೇ ವಾರಗಳಲ್ಲಿ ಈ ನಾಳಗಳು ಮುಚ್ಚಿಹೋಗುತ್ತವೆ. ರಸ ಒಳಗೇ ನಿಂತು ಲಿವರ್ ಗಟ್ಟಿಯಾಗುತ್ತ ಹೋಗುತ್ತದೆ. ಮಗು ಹಾಲು ಕುಡಿಯುತ್ತದೆ, ನಗುತ್ತದೆ, ದುಂಡಗೂ ಇರುತ್ತದೆ. ಕಣ್ಣಿನ ಹಳದಿ ಮಾತ್ರ ಹೋಗುವುದಿಲ್ಲ, ಮಲ ಬಿಳಿಚಿಕೊಳ್ಳುತ್ತದೆ. ಸುಮಾರು ಎರಡು ತಿಂಗಳೊಳಗೆ ಕಂಡುಹಿಡಿದು ಶಸ್ತ್ರಚಿಕಿತ್ಸೆ ಮಾಡಿದರೆ ಒಳ್ಳೆಯ ಅವಕಾಶವಿದೆ. ತಡವಾದಷ್ಟೂ ಅದು ಕೈತಪ್ಪುತ್ತ ಹೋಗುತ್ತದೆ.

ಆ ನಾಳಗಳು ಯಾಕೆ ಮುಚ್ಚುತ್ತವೆ ಎಂಬುದು ಇನ್ನೂ ಪೂರ್ತಿ ಗೊತ್ತಿಲ್ಲ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಏಳು ವರ್ಷ ನಾನು ಅದನ್ನೇ ಹುಡುಕುತ್ತಿದ್ದೆ. ಗಾಜಿನ ಪಟ್ಟಿಯ ಮೇಲಿನ ಜೀವಕೋಶಗಳಿಗೆ ಬಣ್ಣ ಹಾಕುವುದು, ಸೂಕ್ಷ್ಮದರ್ಶಕದಲ್ಲಿ ನೋಡುವುದು, ಎಣಿಸುವುದು, ಬರೆಯುವುದು. ತಾಯಂದಿರೇ ಬಣ್ಣ ನೋಡಿ ಈ ಕಾಯಿಲೆಯನ್ನು ಬೇಗ ಗುರುತಿಸಬಲ್ಲರೇ ಎಂದು ಪರೀಕ್ಷಿಸಲು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಎರಡು ವರ್ಷದ ಅಧ್ಯಯನ ಶುರುವಾಯಿತು. ಯಾರು ಹೋಗುತ್ತೀರಿ ಎಂದು ನಮ್ಮ ಮುಖ್ಯಸ್ಥರು ಕೇಳಿದಾಗ ಎಲ್ಲರೂ ತಮ್ಮ ತಮ್ಮ ಕಂಪ್ಯೂಟರ್ ನೋಡತೊಡಗಿದರು. ನಾನು ಕೈ ಎತ್ತಿದೆ. ಏಳು ವರ್ಷ ಪಿತ್ತನಾಳ ನೋಡಿದವಳು ಆ ನಾಳವಿರುವ ಮಗುವನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ವಾಸಕ್ಕೆ ಕುಮಟೆಯ ಹತ್ತಿರದ ಹೊಳನಗದ್ದೆಯಲ್ಲಿ ಸುಮಿತ್ರಕ್ಕನ ಮನೆಯ ಪಕ್ಕದ ಕೋಣೆ ಸಿಕ್ಕಿತು. ಹಿಂದೆ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಅವಳು ಈಗ ನಮ್ಮ ಅಧ್ಯಯನದ ಕ್ಷೇತ್ರ ಸಹಾಯಕಿ. ಕೊಂಕಣಿ ಬರುತ್ತದೆ, ಉರ್ದು ಬರುತ್ತದೆ, ಭಟ್ಕಳದ ನವಾಯತಿಯಲ್ಲಿ ಸುಖದುಃಖ ಕೇಳುವಷ್ಟು ಬರುತ್ತದೆ. ನನಗೆ ಬರುತ್ತಿದ್ದುದು ಕನ್ನಡ ಒಂದೇ. ಅದೂ ಇಲ್ಲಿ ನಡೆಯಲಿಲ್ಲ. ನಮ್ಮ ಜಿಲ್ಲೆಯಲ್ಲಿ ಡೋಣಿ ಅಂದರೆ ಒಂದು ಹೊಳೆಯ ಹೆಸರು. ಇಲ್ಲಿ ದೋಣಿ ಅಂದರೆ ಹೊಳೆಯ ಮೇಲೆ ಹೋಗುವಂಥದ್ದು. ನಮ್ಮ ಉಳ್ಳಾಗಡ್ಡಿ ಇಲ್ಲಿ ನೀರುಳ್ಳಿ. ಹೆಸರಿಗೆ ತಕ್ಕಂತೆ ಅದಕ್ಕೆ ಖಾರವೇ ಇಲ್ಲ, ಹಣ್ಣಿನ ಹಾಗೆ ಸಿಹಿ. ಬೇಸಿಗೆಯಲ್ಲಿ ಹೆದ್ದಾರಿಯ ಪಕ್ಕ ಜಡೆ ಹೆಣೆದಂತೆ ಗೊಂಚಲು ಕಟ್ಟಿ ತೂಗುಹಾಕುತ್ತಾರೆ. ರೊಟ್ಟಿಯ ಜೊತೆ ಗುದ್ದಿ ತಿಂದರೆ ಕಣ್ಣಲ್ಲಿ ನೀರು ಬರಬೇಕು ಎಂದು ಕಾದೆ. ಬರಲಿಲ್ಲ. ಆ ಸಂಜೆ ಬೇರೆ ಕಾರಣಕ್ಕೆ ಬಂತು.

ರೊಟ್ಟಿ ಎಂದೆನಲ್ಲ, ಅದೂ ಒಂದು ಕತೆ. ಊರಿಂದ ತಂದ ಜೋಳದ ಹಿಟ್ಟು ಇಲ್ಲಿಯ ತೇವದ ಗಾಳಿಗೆ ಒಂದೇ ತಿಂಗಳಲ್ಲಿ ಮುಗ್ಗಲಾಯಿತು. ಕುಚ್ಚಲಕ್ಕಿಯ ಗಂಜಿ ಕುಡಿದರೆ ಹೊಟ್ಟೆ ತುಂಬುತ್ತಿತ್ತು, ಊಟ ಮಾಡಿದೆ ಅನ್ನಿಸುತ್ತಿರಲಿಲ್ಲ. ಸುಮಿತ್ರಕ್ಕನ ಮನೆಯಲ್ಲಿ ದಿನವೂ ಮೀನು. ನಾನು ಹುಟ್ಟಿನಿಂದ ಅದನ್ನು ಮುಟ್ಟಿದವಳಲ್ಲ. ಅವಳು ನನಗೆಂದು ಬೇರೆ ಪಾತ್ರೆ ಇಟ್ಟು ಮಾವಿನಕಾಯಿಯ ಅಪ್ಪೆಹುಳಿ, ಮಜ್ಜಿಗೆಯ ತಂಬುಳಿ ಮಾಡಿಕೊಟ್ಟಳು. ಅದಕ್ಕೆ ಬದಲಾಗಿ ನಾನು ಕುಮಟೆಯ ಮೀನು ಪೇಟೆಯಿಂದ ಬಂಗಡೆ ತಂದುಕೊಡುವ ಕೆಲಸ ವಹಿಸಿಕೊಂಡೆ. ಕಿವಿರು ಎತ್ತಿ ಕೆಂಪು ನೋಡುವುದು, ಬೆರಳಲ್ಲಿ ಒತ್ತಿ ನೋಡುವುದು ಎಲ್ಲ ಕಲಿತೆ. ರುಚಿ ಗೊತ್ತಿಲ್ಲದ ವಸ್ತುವಿಗೆ ಇಷ್ಟು ಚೌಕಾಸಿ ಮಾಡುವ ಹೆಂಗಸು ಈ ಪೇಟೆಯಲ್ಲಿ ನಾನೊಬ್ಬಳೇ ಇರಬೇಕು.

ಕೆಲಸ ಮಾತ್ರ ಅಂದುಕೊಂಡಂತೆ ನಡೆಯುತ್ತಿರಲಿಲ್ಲ. ಕಾರ್ಡಿನ ಮೊದಲ ಮೂರು ಚೌಕಗಳು ಅಪಾಯದವು. ಅವುಗಳ ಕೆಳಗೆ 'ಬೂದು', 'ಮಾಸಲು ಬಿಳಿ', 'ತಿಳಿ ಕೆನೆ' ಎಂದು ಅಚ್ಚಾಗಿತ್ತು. ಬೆಂಗಳೂರಿನಲ್ಲಿ ಕುಳಿತು ಆ ಪದಗಳನ್ನು ಆರಿಸಿದ್ದು ನಾನೇ. ಯಾವ ಮನೆಗೆ ಹೋದರೂ ತಾಯಂದಿರು ನಗುತ್ತ, "ಎಲ್ಲಾ ಸರಿ ಅದೆ" ಅನ್ನುತ್ತಿದ್ದರು. ಹೊನ್ನಾವರದ ಹತ್ತಿರದ ಒಂದು ಮನೆಯಲ್ಲಿ, "ಕೂಸು ಎಲ್ಲದರಿ?" ಎಂದು ಕೇಳಿದೆ. ಆ ಮನೆಯಾಕೆ, "ಕೂಸು ಇಲ್ಲೆ" ಅಂದರು. ಮನೆಯಲ್ಲಿ ಶಿಶುವಿಲ್ಲ ಎಂದು ಬರೆದುಕೊಂಡು ಅಂಗಳ ದಾಟುವಷ್ಟರಲ್ಲಿ ಒಳಗೆ ಮಗು ಅತ್ತಿತು. ತಿರುಗಿ ನೋಡಿದರೆ ಆಕೆ ನಗುತ್ತಿದ್ದರು. "ಅದು ಮಾಣಿ!" ಅವರ ಮಾತಿನಲ್ಲಿ ಕೂಸು ಅಂದರೆ ಹೆಣ್ಣುಮಗು ಮಾತ್ರ. ಗಂಡಾದರೆ ಮಾಣಿ.

ಇಂಥವನ್ನೆಲ್ಲ ಫೋನಿನಲ್ಲಿ ಅವ್ವನಿಗೆ ಹೇಳಿ ನಗಿಸುತ್ತಿದ್ದೆ. ತಪ್ಪು ಮಾತು ಬರಿಯ ನಗೆಯ ವಿಷಯವಲ್ಲ ಎಂದು ತಿಳಿದದ್ದು ತೆಂಗಿನಗುಂಡಿಯಲ್ಲಿ.

ತೆಂಗಿನಗುಂಡಿ ಭಟ್ಕಳ ತಾಲೂಕಿನ ಕಡಲತಡಿ. ಅಲ್ಲಿಯ ಒಂದು ಮೀನುಗಾರರ ಮನೆಗೆ ನಾಗವೇಣಿ ಎಂಬ ಹುಡುಗಿ ಚೊಚ್ಚಲ ಬಾಳಂತನಕ್ಕೆ ತವರಿಗೆ ಬಂದಿದ್ದಳು. ಮಗುವಿಗೆ ಮೂವತ್ತೊಂದು ದಿನ. ಅಂದು ಸುಮಿತ್ರಕ್ಕ ಅಣ್ಣನ ಮಗಳ ಮದುವೆಗೆ ಹೋಗಿದ್ದರಿಂದ ನಾನೊಬ್ಬಳೇ ಹೋಗಿದ್ದೆ. ನಾಗವೇಣಿ ಒಳಗೆ ಮಲಗಿದ್ದಳು, ಮಗು ಅವಳ ಪಕ್ಕದಲ್ಲಿ. ಉತ್ತರ ಹೇಳಿದ್ದು ಅವಳ ತಾಯಿ ಮಾಸ್ತಮ್ಮ. "ಬೂದು ಬಣ್ಣ ಇರ್ತದೇನ್ರಿ?" ಎಂದೆ. "ಬೂದಿಯಾ? ಥೂ, ಬೂದಿ ಬಣ್ಣ ಎಂತಕ್ಕೆ ಇರ್ತದೆ?" ಅಂದರು. "ಮಾಸಲು?" ಎಂದೆ. "ಬಟ್ಟೆ ಎಲ್ಲಾ ದಿನಾ ತೊಳೀತೆ ನಾನು" ಎಂದು ಸ್ವಲ್ಪ ಸಿಟ್ಟಾದರು. ನಾನು 'ಸಹಜ' ಎಂಬಲ್ಲಿ ಗುರುತು ಹಾಕಿ ಮುಂದಿನ ಮನೆಗೆ ನಡೆದೆ. ಮಗುವನ್ನು ಬೆಳಕಿಗೆ ತನ್ನಿ ಎಂದು ಕೇಳಲಿಲ್ಲ.

ಎಂಟು ದಿನದ ಮೇಲೆ ಅದೇ ದಾರಿಯಲ್ಲಿ ಇಬ್ಬರೂ ಬಂದೆವು. ಮಾಸ್ತಮ್ಮ ಎಳೆಬಿಸಿಲಿನಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕುಳಿತಿದ್ದರು. ಅಂಗಳದ ಮೂಲೆಯಲ್ಲಿ ಅವರ ಗಂಡ ಮಾದೇವಣ್ಣ ಬಲೆ ನೇಯುತ್ತಿದ್ದರು. ದುಂಡು ದುಂಡು ಹೆಣ್ಣುಮಗು. ನನ್ನನ್ನು ನೋಡಿ ಬಾಯಗಲಿಸಿತು. ಆ ಕಣ್ಣಿನ ಬಿಳಿಯಲ್ಲಿ ಹಳದಿ ಇತ್ತು.

"ಕಾಮಾಲೆ ಇನ್ನೂ ಹೋಗ್ಲಿಲ್ವಾ ಮಾಸ್ತಮ್ಮ?" ಎಂದು ಸುಮಿತ್ರಕ್ಕ ಕೇಳಿದಳು.

"ಹೋತದೆ ಬಿಡು. ಬಿಸಿಲಿಗೆ ಹಿಡೀತೆ ದಿನಾ."

ಸುಮಿತ್ರಕ್ಕ ಕಾರ್ಡು ತೆಗೆಯಲೇ ಇಲ್ಲ. ಮಗುವಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, "ಹೌದನೇ, ಇದ್ರ ಹೇಲು ಎಂತ ಬಣ್ಣ? ಶೇಡಿ ಹಾಗೆ ಅದೆಯಾ?" ಅಂದಳು. ಶೇಡಿ ಅಂದರೆ ಹಬ್ಬಕ್ಕೆ ಗೋಡೆಯ ಮೇಲೆ ಚಿತ್ತಾರ ಬರೆಯುವ ಬಿಳಿಮಣ್ಣು.

"ಹ್ಞಾ, ಶೇಡಿ ಬಣ್ಣವೇ. ಹಾಲು ಕುಡಿಯೂ ಮಗು ಬೆಳ್ಳಗೆ ಮಾಡೂದಲ್ದೆ ಮತ್ತೆಂತ?" ಎಂದರು ಮಾಸ್ತಮ್ಮ.

ನಾನು ತಲೆಯೆತ್ತಿ ನೋಡಿದೆ. ಹಗ್ಗದ ಮೇಲೆ ಮಗುವಿನ ಬಟ್ಟೆಗಳು ಒಣಗುತ್ತಿದ್ದವು. ಎಷ್ಟು ತೊಳೆದರೂ ಹೋಗದ ಹಳದಿ ಕಲೆ ಒಂದೊಂದರ ಮೇಲೂ ಇತ್ತು. ಅದು ಮೂತ್ರದ ಕಲೆ. ಇಷ್ಟು ಎಳೆಯ ಮಗುವಿನ ಮೂತ್ರಕ್ಕೆ ಬಣ್ಣವೇ ಇರಬಾರದು. ಕರುಳಿಗೆ ಹೋಗಬೇಕಾದ ಹಳದಿ ದಾರಿ ಸಿಗದೆ ಮೂತ್ರದಲ್ಲಿ ಹೋಗುತ್ತಿತ್ತು. ಎಂಟು ದಿನದ ಹಿಂದೆಯೂ ಈ ಬಟ್ಟೆಗಳು ಇಲ್ಲೇ ಒಣಗುತ್ತಿದ್ದಿರಬೇಕು. ನಾನು ಅವುಗಳ ಕೆಳಗೇ ಬಗ್ಗಿ ಹಾದುಹೋಗಿದ್ದೆ.

ಇಂದೇ ಆಸ್ಪತ್ರೆಗೆ ಹೊರಡಬೇಕು ಎಂದು ಹೇಳಿದೆವು. ಮಾಸ್ತಮ್ಮ ಒಪ್ಪಲಿಲ್ಲ. "ಹಸಿ ಬಾಳಂತಿ. ಎರಡು ತಿಂಗಳು ತುಂಬ್ಲಿ, ಮತ್ತೆ ನೋಡ್ವ. ಮಗು ಹಾಲು ಕುಡೀತದೆ, ನಗಾಡ್ತದೆ, ಇದಕ್ಕೆ ಎಂತ ರೋಗ?"

ನಾನು ಪಿತ್ತನಾಳ ಅಂದೆ, ಲಿವರ್ ಅಂದೆ. ಏಳು ವರ್ಷದಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಕೈಬೆರಳು ಜೋಡಿಸಿ, ಇಲ್ಲಿಂದ ಇಲ್ಲಿಗೆ ಹರಿಯಬೇಕಾದ್ದು ನಡುವೆ ಮುಚ್ಚಿದೆ ಎಂದು ತೋರಿಸಿದೆ. ಮಾದೇವಣ್ಣ ಬಲೆಯಿಂದ ಕಣ್ಣೆತ್ತಿದರು.

"ಅಳಿವೆಯಲ್ಲಿ ಮರಳು ಕೂತ ಹಾಗೆ ಅಲ್ದಾ? ಹೊಳೆ ನೀರು ಕಡಲಿಗೆ ಹೋಗೂಕಾಗ್ದೆ ಹಿಂದೆ ಹಿಂದೆ ಗದ್ದೆಗೇ ನುಗ್ತದೆ."

"ಹೌದ್ರಿ, ಹಂಗ. ಗದ್ದಿ ಅಂದ್ರ ಲಿವರ್."

"ಮತ್ತೆ ದಾರಿ ಬಿಡಿಸ್ಬೇಕಲ್ಲ. ಕೂತ್ಕಂಡ್ರೆ ಗದ್ದೆ ಹಾಳಾತದೆ" ಅಂದರು ಅವರು.

ಮಾಸ್ತಮ್ಮ ಏನೋ ಹೇಳಲು ಬಾಯಿ ತೆರೆದರು. ಆಗ ಬಾಗಿಲ ಬಳಿ ನಾಗವೇಣಿ ಬಂದು ನಿಂತಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. "ಆಯೀ, ಅಕ್ಕನ ಮಗಂದು ಹಳದಿ ಇತ್ತು. ಇದ್ರದ್ದು ಬೇರೆ ಅಂತ ನಾ ಮೊನ್ನೇನೇ ಹೇಳ್ದೆ. ಬಾಳಂತಿ ಬಾಯಿ ಮುಚ್ಕಂಡು ಮಲ್ಕ ಅಂದಿ ನೀನು." ಆಮೇಲೆ ನನ್ನತ್ತ ತಿರುಗಿ, "ರೈಲು ಎಷ್ಟೊತ್ತಿಗೆ ಅದೆ?" ಎಂದು ಕೇಳಿದಳು.

ಅಂದೇ ಮಧ್ಯಾಹ್ನ ಭಟ್ಕಳ ನಿಲ್ದಾಣದಿಂದ ತಾಯಿ, ಮಗು, ಮಾಸ್ತಮ್ಮ, ಜೊತೆಗೆ ನಾವಿಬ್ಬರು ದಕ್ಷಿಣದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೊರಟೆವು. ನಾಗವೇಣಿಯ ಗಂಡ ತಾನು ದುಡಿಯುವ ದೋಣಿ ದಡ ಸೇರಿದೊಡನೆ ನೇರವಾಗಿ ಆಸ್ಪತ್ರೆಗೇ ಬಂದ. ರಕ್ತಪರೀಕ್ಷೆ, ಸ್ಕ್ಯಾನು ಎಂದು ದಿನಗಳು ಉರುಳಿದವು. ಅನುಮಾನ ನಿಜವೇ ಆಗಿತ್ತು. ಶಸ್ತ್ರವೈದ್ಯೆ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು: ಮುಚ್ಚಿದ ನಾಳ ತೆಗೆದು ಕರುಳನ್ನೇ ಮೇಲಕ್ಕೆ ತಂದು ಲಿವರ್‌ಗೆ ಜೋಡಿಸುತ್ತಾರೆ, ರಸ ಹರಿಯಲೂಬಹುದು, ಹರಿಯದೆಯೂ ಇರಬಹುದು. ಮುಂದೆ ದೊಡ್ಡದಾದ ಮೇಲೆ ಬೇರೆ ಲಿವರ್ ಬೇಕಾದರೂ ಬೇಕಾದೀತು. ಅವರು ಯಾವುದನ್ನೂ ಮುಚ್ಚಿಡಲಿಲ್ಲ.

ತೆಗೆಯುವ ನಾಳದ ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಆ ಮನೆಯವರನ್ನು ಕೇಳಬೇಕಾದವಳು ನಾನು. ಇಲ್ಲವೆಂದರೂ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗದು ಎಂದು ಮೊದಲೇ ಹೇಳಿದೆ. ಅದಕ್ಕೂ ಮುನ್ನ ಇನ್ನೊಂದನ್ನು ಹೇಳಲೇಬೇಕಿತ್ತು. "ನಾ ಮೊದಲ ಸಲ ಬಂದಾಗ ಸರಿಯಾಗಿ ನೋಡಿದ್ರ ಎಂಟು ದಿನ ಉಳೀತಿತ್ತ್ರಿ. ತಪ್ಪು ನಂದು" ಅಂದೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದ ನಾಗವೇಣಿ ಒಪ್ಪಿಗೆಯ ಕಾಗದ ತೆಗೆದುಕೊಂಡು ಗಂಡನ ಜೊತೆ ಕುಳಿತು ಪೂರ್ತಿ ಓದಿದಳು. "ಇದ್ರಿಂದ ಬೇರೆ ಮಕ್ಕಳಿಗೆ ಉಪಯೋಗ ಆತದಾ?"

"ಆಗಬಹುದು. ಖಾತ್ರಿ ಇಲ್ಲ."

"ಆತು" ಎಂದು ಸಹಿ ಹಾಕಿದಳು. ನನ್ನ ಊರಿನಲ್ಲೂ ಈ ಊರಿನಲ್ಲೂ ಒಂದೇ ಅರ್ಥದ ಮಾತು ಅದು.

ಮಗುವಿಗೆ ನಲವತ್ತಾರು ದಿನ ತುಂಬಿದಾಗ ಶಸ್ತ್ರಚಿಕಿತ್ಸೆ ನಡೆಯಿತು. ನಾವಿಬ್ಬರೂ ಕುಮಟೆಗೆ ಮರಳಿ ಕೆಲಸಕ್ಕೆ ಹತ್ತಿದೆವು. ಇನ್ನು ಕಾಯುವುದೊಂದೇ ಬಾಕಿ. ಬಣ್ಣ ಬಂದರೆ ರಸ ಹರಿದಂತೆ. ಎಂಟನೆಯ ದಿನ ಬೆಳಿಗ್ಗೆ ನಾವು ಮೀನು ಪೇಟೆಯಲ್ಲಿದ್ದೆವು. ನಾನು ಬಂಗಡೆಗೆ ಜೋರಾಗಿ ಚೌಕಾಸಿ ಮಾಡುತ್ತಿರುವಾಗ ಮೊಬೈಲು ಸದ್ದು ಮಾಡಿತು. ತೆರೆದರೆ ಬಿಚ್ಚಿಟ್ಟ ಲಂಗೋಟಿಯ ಫೋಟೋ. ನಡುವೆ ಹಸಿರು ಬೆರೆತ ಹಳದಿ. ಅದರ ಬೆನ್ನಿಗೇ ಮಾಸ್ತಮ್ಮನ ದನಿ, ಆಸ್ಪತ್ರೆಯವರೆಲ್ಲ ತಿರುಗಿ ನೋಡಿರಬೇಕು, ಅಷ್ಟು ಜೋರು: "ಬಂತು! ಬಂತು ಕಾಣಿ! ಅರಿಶಿಣ ಬಣ್ಣದ್ದೇ ಬಂತು!"

ಸುಮಿತ್ರಕ್ಕ ನನ್ನ ಕೈ ಹಿಡಿದು ಅಲ್ಲೇ ಕುಣಿದಳು. ಮೀನು ಮಾರುವವಳು ಬುಟ್ಟಿಯ ಮೇಲಿಂದ ಬಗ್ಗಿ, "ಎಂತ ಅದು, ನೋಡ್ವ?" ಎಂದು ಇಣುಕಿದಳು. ಸುಮಿತ್ರಕ್ಕ ಎರಡು ಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಆ ಹೆಂಗಸು ಫೋಟೋವನ್ನು ಮತ್ತೊಮ್ಮೆ ಗಂಭೀರವಾಗಿ ನೋಡಿ, "ಲಾಯ್ಕ ಅದೆ" ಎಂದು ತೀರ್ಪು ಕೊಟ್ಟು, ಇನ್ನೂ ಎರಡು ಬಂಗಡೆಗಳನ್ನು ನಮ್ಮ ಚೀಲಕ್ಕೆ ಹಾಕಿದಳು.

ಆಮೇಲೆ ಕಾರ್ಡಿನ ಪದಗಳನ್ನು ಬದಲಿಸಲು ನಮ್ಮ ಸಂಸ್ಥೆಯ ಒಪ್ಪಿಗೆ ಪಡೆದೆ. ಈ ಸಲ ನಾನೊಂದೂ ಪದ ಆರಿಸಲಿಲ್ಲ. ಮೂರು ತಾಲೂಕುಗಳಲ್ಲೂ ತಾಯಂದಿರನ್ನು, ಅಜ್ಜಿಯರನ್ನು ಕೂರಿಸಿ, ಈ ಬಣ್ಣಕ್ಕೆ ನೀವು ಏನನ್ನುತ್ತೀರಿ ಎಂದು ಕೇಳಿದೆವು. ಅವು ನಾನು ಕಂಡ ಅತ್ಯಂತ ಗದ್ದಲದ ಸಭೆಗಳು. ಶೇಡಿ, ಗಂಜಿ ತಿಳಿ, ಬೇಯಿಸಿದ ಗೆಣಸು ಎಂದು ಒಂದೊಂದೇ ಹೆಸರು ಬಂದವು. ಒಂದು ಚೌಕಕ್ಕೆ ಹೆಸರಿಡುವಾಗ ಇಬ್ಬರು ಅಜ್ಜಿಯರು ಮಾತು ಬಿಡುವ ಮಟ್ಟಕ್ಕೂ ಹೋದರು. ಭಟ್ಕಳದಲ್ಲಿ ಒಬ್ಬ ಶಿಕ್ಷಕಿ ನವಾಯತಿ ಮತ್ತು ಉರ್ದುವಿನಲ್ಲಿ ಬರೆದುಕೊಟ್ಟು, ನಾನು ಓದಿದ ರೀತಿಗೆ ಹೊಟ್ಟೆ ಹಿಡಿದು ನಕ್ಕರು. ಹೊಸ ಕಾರ್ಡು ಹಿಡಿದು ಹೋದರೆ ಈಗ ಯಾರೂ ಸುಮ್ಮನೆ 'ಸರಿ ಅದೆ' ಅನ್ನುವುದಿಲ್ಲ. ಕಾರ್ಡು ಕಿತ್ತುಕೊಂಡು, ಬೆಳಕಿಗೆ ಹಿಡಿದು, ನೆರೆಮನೆಯವರನ್ನೂ ಕರೆಯುತ್ತಾರೆ.

ನಾಗವೇಣಿಯ ಮಗುವಿನ ಕಣ್ಣು ನಿಧಾನವಾಗಿ ಬೆಳ್ಳಗಾಯಿತು. ತಪಾಸಣೆಗಳು ಇನ್ನೂ ವರ್ಷಗಟ್ಟಲೆ ನಡೆಯಬೇಕು. ಆದರೂ ಬಾಕಿ ಉಳಿದಿದ್ದ ಹೆಸರಿಡುವ ಶಾಸ್ತ್ರವನ್ನು ಚಳಿಗಾಲದಲ್ಲಿ ಮಾಡುವುದೆಂದು ನಿಶ್ಚಯಿಸಿ ನಮಗೆ ಹೇಳಿಕಳಿಸಿದರು. ದೋಣಿಗೆ ಬಿಡುವು ಅಂದೇ ಎಂದು ಅವರು ಅಮಾವಾಸ್ಯೆಯನ್ನೂ ಎಣಿಸಲಿಲ್ಲ; ಆ ದಿನ ನಮ್ಮ ಊರಿನಲ್ಲಿ ಎಳ್ಳಮಾವಾಸ್ಯೆ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ಮೇಲೆ ನೈವೇದ್ಯದ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಕಡುಬು, ಬರ್ತ ಉಣ್ಣುವ ಹಬ್ಬವನ್ನು ನಾನು ಬೆಂಗಳೂರಿನಲ್ಲಿದ್ದಾಗಲೂ ಒಂದು ವರ್ಷ ತಪ್ಪಿಸಿದವಳಲ್ಲ.

ಅವ್ವನಿಗೆ ಫೋನು ಮಾಡಿದೆ. "ಬರೂದಿಲ್ಲಾ? ಯಾರ ಮನೀ ತೊಟ್ಟಲಕ್ಕ ಹೊಂಟೀ ಹಂಗಾದ್ರ?" ಎಂದಳು.

"ನಮ್ಮವ್ರ ಮನೀದು" ಅಂದುಬಿಟ್ಟೆ.

"ನಮ್ಮವ್ರಂದ ಮ್ಯಾಲ ಬರಿಗೈಲೆ ಹೋಗಬಾರ್ದು" ಎಂದಳು. ನಾಲ್ಕು ದಿನಕ್ಕೆ ಪಾರ್ಸಲ್ ಬಂತು. ಖಣದ ಬಟ್ಟೆಯಲ್ಲಿ ಅವಳೇ ಹೊಲಿದ ಕುಂಚಿಗೆ. ನಮ್ಮ ಕಡೆ ಶಿಶುಗಳಿಗೆ ತಲೆಯಿಂದ ಬೆನ್ನವರೆಗೆ ಇಳಿಬಿಡುವ ಟೊಪ್ಪಿಗೆ ಅದು. ಅಂಚಿಗೆ ಗೊಂಡೆ, ಕನ್ನಡಿ.

ತೆಂಗಿನಗುಂಡಿಯಲ್ಲಿ ಮಗುವಿಗೆ ಹರ್ಷಿತಾ ಎಂದು ಹೆಸರಿಟ್ಟರು. ಕುಂಚಿಗೆಯನ್ನು ಮಾಸ್ತಮ್ಮ ತಿರುಗಿಸಿ ಮುರುಗಿಸಿ ನೋಡಿದರು. "ಚಂದ ಅದೆ ಮಾರಾಯ್ತಿ, ಆದ್ರೆ ಈ ಸೆಕೆಗೆ?" ಎನ್ನುತ್ತಲೇ ಮಗುವಿಗೆ ತೊಡಿಸಿದರು. ಮಗು ಕೆಂಪಾಗಿ ಕಿರುಚತೊಡಗಿತು. ನಾನು ಅವ್ವನಿಗೆ ವೀಡಿಯೋ ಕರೆ ಹಚ್ಚಿ ಮಾಸ್ತಮ್ಮನ ಕೈಗೆ ಮೊಬೈಲು ಕೊಟ್ಟೆ. ಅವ್ವ ಹೊಲದಲ್ಲಿದ್ದಳು, ಹಿಂದೆ ಆಳೆತ್ತರದ ಜೋಳ. ಇಬ್ಬರೂ ಒಮ್ಮೆಲೇ ಮಾತಾಡಿದರು.

"ಕೂಸು ಯಾಕ ಅಳಾಕತ್ತದ? ಹಸದದೇನು?"

"ಎಂತ ಹೇಳ್ತ್ರು ನಿನ್ನ ಆಯಿ?"

"ಹಸಿವಾಯ್ತಾ ಕೇಳ್ತ್ರು" ಅಂದೆ.

"ಹಸಿವಲ್ಲ ಅಂತ ಹೇಳು, ಸೆಕೆ. ನೀವೂ ಬನ್ನಿ ಅಂತ ಹೇಳು. ಮೀನು ತಿಂತ್ರಾ ಕೇಳು."

"ಏನಂತಾರವಾ?" ಎಂದಳು ಅವ್ವ.

"ಕುದೀ ಆಗೇದಂತ. ನಿನಗ ಬಾ ಅಂತಾರ. ನಮ್ಮ ಕಡೆ ಚಳಿಗಾಲ್ದಾಗೂ ಹಿಂಗ ಇರ್ತದವಾ" ಎಂದು ಅವ್ವನಿಗೆ ಹೇಳಿದೆ. ಮೀನಿನ ಮಾತನ್ನು ಬಿಟ್ಟೆ. ಮಾಸ್ತಮ್ಮನ ಕಡೆ ತಿರುಗಿ, "ನಮ್ಮ ಕಡೆ ಈಗ ಮೈ ನಡುಗೂ ಚಳಿ, ಅದ್ಕೇ ಇಷ್ಟು ದಪ್ಪ ಹೊಲ್ದಿದ್ರು" ಎಂದೆ. ಕನ್ನಡದಿಂದ ಕನ್ನಡಕ್ಕೆ ಅರ್ಥ ಹೇಳುತ್ತ, ಎರಡು ಉಸಿರಿನ ನಡುವೆ ಎರಡೂ ಊರಿಗೆ 'ನಮ್ಮ ಕಡೆ' ಅಂದಿದ್ದೆ. ಯಾವ ಕಡೆ ಎಂದು ಇಬ್ಬರಲ್ಲಿ ಯಾರೂ ಕೇಳಲಿಲ್ಲ.